ಅಸಲಿ ಶ್ರೀಗಂಧ

ಕಾಡಿಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗುತ್ತದೆ. ಕಾಡಿಗೆ ಏನೂ ಆಗುವುದಿಲ್ಲ. ಕಾಲಿಗೆ ಮುಳ್ಳು ಚುಚ್ಚುವುದು, ಸೆರಗು ಪೊದೆಗೆ ಸಿಕ್ಕುವುದು ಎಲ್ಲರಿಗೂ ಆಗುವಂಥವು, ಅವನ್ನು ನಾನಿಲ್ಲಿ ಹೇಳುತ್ತಿಲ್ಲ. ಹೇಳಹೊರಟಿರುವುದು ವಿದ್ಯಾವಂತರಿಗೆ ಮಾತ್ರ ಆಗುವ ಅಪಘಾತಗಳನ್ನು.

ಕಲಬುರಗಿಯ ಒಂದು ಮಹಿಳಾ ಕಾಲೇಜಿನಲ್ಲಿ ಮೂವತ್ತೆರಡು ವರ್ಷ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾಗಿದ್ದೇನೆ. ಹೆಸರಿನ ಹಿಂದೆ ಡಾಕ್ಟರ್ ಎಂದಿದೆ. ನಮ್ಮ ಪ್ರಯೋಗಾಲಯದಲ್ಲಿ ಮರಗಳಿದ್ದುದು ಒಣಗಿಸಿ ಹಾಳೆಗೆ ಅಂಟಿಸಿದ ರೂಪದಲ್ಲಿ: ಒಂದು ಚಿಕ್ಕ ಟೊಂಗೆ, ನಾಲ್ಕು ಎಲೆ, ಕೆಳಗೆ ಲ್ಯಾಟಿನ್ ಹೆಸರಿನ ಚೀಟಿ. ಹೀಗಾಗಿ ನಾನು ಬಲ್ಲ ಮರಗಳೆಲ್ಲ ಒಂದೂವರೆ ಅಡಿ ಎತ್ತರದವು, ಚಪ್ಪಟೆಯಾದವು, ಕಂದುಬಣ್ಣದವು, ಮತ್ತು ತಮ್ಮ ಹೆಸರನ್ನು ತಾವೇ ಹೇಳುವಂಥವು. ನೆಟ್ಟಗೆ ನಿಂತ, ಹಸಿರಾದ, ಚೀಟಿಯಿಲ್ಲದ ಮರವೊಂದಕ್ಕೆ ನಾನು ಮುಖಾಮುಖಿಯಾದದ್ದು ಅರವತ್ತನೆಯ ವಯಸ್ಸಿನಲ್ಲಿ.

೧. ಅರ್ಧ ನಿಮಿಷ

ಕಳೆದ ಜೂನ್‌ನಲ್ಲಿ ಮೊಮ್ಮಗಳ ಶಾಲೆಯಲ್ಲಿ ಒಂದು ಕೆಲಸ ಕೊಟ್ಟರು. ನಾಲ್ಕನೆಯ ತರಗತಿಯ ಪ್ರತಿ ಮಗುವೂ ಒಂದು ಮರವನ್ನು ಆರಿಸಿಕೊಂಡು, ಮಳೆಗಾಲದಿಂದ ಬೇಸಿಗೆಯವರೆಗೆ ಅದನ್ನು ಗಮನಿಸಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಮಾರ್ಚ್‌ನಲ್ಲಿ ಪಾಲಕರೆಲ್ಲರ ಎದುರು ಓದಬೇಕು. ನಾವಿರುವ ಜೇವರ್ಗಿ ಕಾಲೋನಿಯ ಉಳಿದ ಮಕ್ಕಳು ಮನೆಯ ಮುಂದಿನ ಬೇವಿನ ಮರಗಳನ್ನು ಹಂಚಿಕೊಂಡರು. ನಮ್ಮ ಮೊಮ್ಮಗಳು ಎದ್ದು ನಿಂತು, "ನಮ್ಮ ಅಜ್ಜಿ ಗಿಡಗಳ ಡಾಕ್ಟರ್ ಇದ್ದಾಳ್ರಿ ಮಿಸ್. ನಾನು ಕಾಡಿನ ಗಿಡಾನೇ ತಗೋತೀನಿ" ಎಂದು ಘೋಷಿಸಿ ಬಂದಳು. ಒಂಬತ್ತು ವರ್ಷದ ಮಗು ತನ್ನ ಮಾನವನ್ನೂ ನನ್ನ ಮಾನವನ್ನೂ ಒಂದೇ ನೋಟ್‌ಬುಕ್ಕಿನಲ್ಲಿ ಕಟ್ಟಿಟ್ಟಿತ್ತು. ಹಿಂಜರಿಯುವಂತಿರಲಿಲ್ಲ.

ಸೊಸೆಯ ತವರು ಕಮಲಾಪುರ. ಕೆಂಪು ಬಾಳೆ ಬೆಳೆಯುವ ಮನೆತನ. ಅವರ ಊರಿನಿಂದ ತುಸು ದೂರದಲ್ಲಿ ಒಂದು ಮೀಸಲು ಅರಣ್ಯವಿದೆ. ಒಂದು ಭಾನುವಾರ ಮಗ ಕಾರು ತೆಗೆದ. ಯಜಮಾನರು, ನಾನು, ಸೊಸೆ, ಮೊಮ್ಮಗಳು ಹೊರಟೆವು. ಕಮಲಾಪುರದಲ್ಲಿ ಸೊಸೆಯ ತಾಯಿ, ಎಂದರೆ ನಮ್ಮ ಬೀಗತಿ, ರೊಟ್ಟಿಯ ಬುತ್ತಿ ಹಿಡಿದುಕೊಂಡು ಜೊತೆಯಾದರು.

ಬೀಗತಿಯ ವಿಷಯದಲ್ಲಿ ಒಂದು ಮಾತು ಇಲ್ಲೇ ಹೇಳಬೇಕು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆ ಕಾಡಿನಲ್ಲಿ ಕಟ್ಟಿಗೆ, ಕಾಯಿ, ಔಷಧದ ಬೇರು ಆರಿಸುತ್ತ ಬೆಳೆದವರು. ಆದರೆ ನಮ್ಮ ಕಡೆ ಒಂದು ರಿವಾಜಿದೆ: ಹೆಣ್ಣು ಕೊಟ್ಟವರು ಹೆಣ್ಣು ತಂದವರ ಮಾತಿಗೆ ಎದುರು ಹೇಳಬಾರದು. ಈ ಪದ್ಧತಿಯನ್ನು ನಾನು ಕಾಲೇಜಿನ ವೇದಿಕೆಯ ಮೇಲೆ ಕಟುವಾಗಿ ಖಂಡಿಸಿದ್ದೇನೆ. ಮನೆಯಲ್ಲಿ ಮಾತ್ರ, ಯಾರ ಮನಸ್ಸನ್ನೂ ನೋಯಿಸಬಾರದೆಂದು, ನಡೆಯಲು ಬಿಟ್ಟಿದ್ದೆ.

ಕಾಡಿನ ಬಾಗಿಲಲ್ಲಿ ಅರಣ್ಯದ ಕಾವಲುಗಾರ ನಮ್ಮನ್ನು ಎದುರುಗೊಂಡ. ಅವನೂ ಕಮಲಾಪುರದವನೇ. ಕೈಮುಗಿದು, "ಬರ್ರಿ ಬರ್ರಿ. ನಮ್ಮೂರ ಹುಡುಗಿ ಕೊಟ್ಟ ಮನಿಯವರು ಅಂದ್ರ ನೀವು ಇಡೀ ಊರಿಗೇ ಬೀಗರ್ರೀ" ಎಂದ. ಈ ಮಾತಿನ ಗಂಭೀರತೆ ನನಗೆ ಆಗ ಅರಿವಾಗಲಿಲ್ಲ. ನನ್ನ ಮಾತಿಗೆ ಎದುರು ಹೇಳಬಾರದವರ ಸಂಖ್ಯೆ ಆ ಕ್ಷಣಕ್ಕೆ ಒಂದು ಊರಿನಷ್ಟಾಯಿತು.

ಮೊಮ್ಮಗಳು ಓಡಿಹೋಗಿ ಒಂದು ಮರವನ್ನು ತಬ್ಬಿಕೊಂಡಳು. "ಅಜ್ಜಿ, ಇದು ಬೇಕು ನನಗ. ಇದರ ಹೆಸರೇನು?"

ನಾನು ಕನ್ನಡಕ ಏರಿಸಿದೆ. ಎಲೆಗಳು ಎದುರುಬದುರು ಜೋಡಿಯಾಗಿದ್ದವು, ಮಧ್ಯಮ ಗಾತ್ರ, ಅಂಚು ಸಾಫು. ನನ್ನ ತಲೆಯೊಳಗಿನ ಕಪಾಟು ತಾನಾಗಿ ತೆರೆದು ಒಂದು ಹಾಳೆಯನ್ನು ಹೊರಹಾಕಿತು. ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

"ಶ್ರೀಗಂಧ," ಎಂದೆ.

ಕಾವಲುಗಾರ ಬೀಗತಿಯ ಮುಖ ನೋಡಿದ. ಬೀಗತಿ ಆಕಾಶ ನೋಡಿದರು.

"ಹೌದೇನ್ರಿ?" ಎಂದು ಸೊಸೆ ಅಳುಕುತ್ತ ಕೇಳಿದಳು.

"ಮೇಡಂ ಹೇಳ್ಯಾರಂದ ಮ್ಯಾಲ ಆತಲ್ರೀ," ಎಂದ ಕಾವಲುಗಾರ.

ನಮ್ಮ ಯಜಮಾನರು ನಿವೃತ್ತ ಎಂಜಿನಿಯರು. ಯಾವುದನ್ನೂ ಅಳತೆ ಮಾಡದೆ ನಂಬುವವರಲ್ಲ. ತೊಗಟೆಯನ್ನು ಉಗುರಿನಿಂದ ಕೆರೆದು ಮೂಸಿದರು. "ಏನೂ ವಾಸನಿ ಇಲ್ಲಲ್ಲ?"

"ತೊಗಟೆಗೆ ಇರೂದಿಲ್ಲ. ಒಳಗಿನ ತಿರುಳಿಗೆ ಇರ್ತದ. ಅದೂ ವಯಸ್ಸಾದ ಮ್ಯಾಲ ಬರ್ತದ."

"ಎಷ್ಟು ವಯಸ್ಸಾಗಬೇಕು?"

"ಭಾಳ ಆಗಬೇಕು."

ಅವರು ಮರವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಆಗೇದ ಅನಿಸ್ತದ," ಎಂದರು.

ನೋಟ್‌ಬುಕ್ಕಿನ ಹೊರಹೊದಿಕೆಯ ಮೇಲೆ ನಾನೇ ದಪ್ಪ ಅಕ್ಷರದಲ್ಲಿ 'ಶ್ರೀಗಂಧ' ಎಂದು ಬರೆದೆ. ಮೋಡ ಕವಿದಿತ್ತು, ಗಾಳಿ ತಂಪಾಗಿತ್ತು, ರೊಟ್ಟಿ ಮೆತ್ತಗಿದ್ದವು. ಆ ಮರ ಶ್ರೀಗಂಧವಾಗಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಆ ದಿನ ಎಲ್ಲವೂ ಚೆನ್ನಾಗಿತ್ತು.

೨. ರಾಡಿ ನೀರು

ಆಗಸ್ಟ್‌ನಲ್ಲಿ ಎರಡನೆಯ ಸಲ ಹೋದೆವು. ಕಮಲಾಪುರದ ಕೆಂಪು ಮಣ್ಣು ಮಳೆಗೆ ಕರಗಿ ಹಳ್ಳವೆಲ್ಲ ಚಹಾದ ಬಣ್ಣಕ್ಕೆ ತಿರುಗಿತ್ತು. ನಾವು ಕುಡಿಯುವ ನೀರಿನ ಬಾಟಲಿಗಳನ್ನು ಮನೆಯಲ್ಲೇ ಮರೆತಿದ್ದೆವು. ಕಾವಲುಗಾರನ ಕೊಡದಲ್ಲಿದ್ದ ನೀರೂ ಕೆಂಪಗೇ ಇತ್ತು.

ಬೀಗತಿ ಸೊಂಟದ ಸಂಚಿಯಿಂದ ಗುಂಡಗಿನ ಒಂದು ಬೀಜ ತೆಗೆದರು. ಕಲ್ಲಿನ ಮೇಲೆ ನೀರು ಹನಿಸಿ ಅದನ್ನು ತೇದು, ಆ ಗಂಧವನ್ನು ಕೊಡಕ್ಕೆ ಕದಡಿ, "ಎರಡು ತಾಸು ಯಾರೂ ಅಲುಗಾಡಿಸಬ್ಯಾಡ್ರಿ" ಎಂದು ಮುಚ್ಚಿಟ್ಟರು. ನಾವು ಮೊಮ್ಮಗಳ ಮರದ ಬಳಿಗೆ ಹೋಗಿ ಎಲೆಗಳನ್ನು ಎಣಿಸಿ, ಚಿತ್ರ ಬಿಡಿಸಿ, ಎರಡು ತಾಸು ಕಳೆದ ಮೇಲೆ ಕೊಡವನ್ನು ಅಲುಗಾಡದಂತೆ ಅಲ್ಲಿಗೇ ತರಿಸಿಕೊಂಡು ನೋಡಿದರೆ ಮಣ್ಣೆಲ್ಲ ತಳದಲ್ಲಿ, ಮೇಲೆ ಕನ್ನಡಿಯಂಥ ನೀರು.

ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಬೇರೆಯವರಿಗೆ ಬಿದ್ದಾಗ ಸುಮ್ಮನಿರುವ ಅಭ್ಯಾಸ ನನಗಿಲ್ಲ.

"ಇದು ಚಿಲ್ಲದ ಬೀಜ," ಎಂದು ಆರಂಭಿಸಿದೆ. "ಸಂಸ್ಕೃತದಲ್ಲಿ ಕತಕ ಅಂತಾರ. ಇದರೊಳಗಿನ ಅಂಶ ಮಣ್ಣಿನ ಕಣಗಳನ್ನ ಒಂದಕ್ಕೊಂದು ಕೂಡಿಸಿ ಭಾರ ಮಾಡಿ ತಳಕ್ಕ ಇಳಸ್ತದ. ಇದರ ಬಗ್ಗೆ ನಾನು ಪ್ರತಿ ವರ್ಷ ಒಂದು ತಾಸು ಪೂರ್ತಿ ಪಾಠ ಮಾಡೀನಿ." ಲ್ಯಾಟಿನ್ ಹೆಸರನ್ನೂ ಹೇಳಿದೆ. ನಿಂತು ಹೇಳಿ ಕಾಲು ಸೋತಿದ್ದರಿಂದ ಮೊಮ್ಮಗಳ ಮರದ ಬೇರಿನ ಮೇಲೆ ಕುಳಿತು, ಕಾಂಡಕ್ಕೆ ಬೆನ್ನು ಆನಿಸಿ ಪಾಠ ಮುಂದುವರಿಸಿದೆ.

ಕೊನೆಗೆ, ವಿದ್ವಾಂಸರಿಗೆ ಶೋಭಿಸುವ ವಿನಯದಿಂದ ಕೇಳಿದೆ: "ಆದ್ರ ಬೀಗತಿಯವರ, ಬೀಜ ಅಷ್ಟೇ ನೋಡೀನಿ ನಾನು. ಚಿಲ್ಲದ ಮರ ಹೆಂಗಿರ್ತದಂತ ಜೀವನದಾಗ ಒಮ್ಮೆ ನೋಡಬೇಕು ಅಂತ ಆಸೆ ಅದ. ಈ ಕಡೆ ಎಲ್ಲರೆ ಸಿಗ್ತದೇನ್ರಿ?"

ಕಾವಲುಗಾರನಿಗೆ ಒಮ್ಮೆಲೆ ಕೆಮ್ಮು ಬಂತು. ಅವನು ಹಳ್ಳದ ಕಡೆಗೆ ನಡೆದುಬಿಟ್ಟ. ಬೀಗತಿ ಸೆರಗಿನ ತುದಿಯಿಂದ ಬಾಯಿ ಒರೆಸಿಕೊಂಡರು.

"ಸಿಗ್ತದ್ರಿ ಬೀಗತಿಯವರ," ಎಂದರು. "ಭಾಳ ದೂರ ಹೋಗೂದು ಬ್ಯಾಡ."

"ಹಂಗಾದ್ರ ಮುಂದಿನ ಸಲ ತೋರಸ್ರಿ," ಎಂದು ಹೇಳಿ, ಮರಕ್ಕೆ ಇನ್ನಷ್ಟು ಒರಗಿಕೊಂಡೆ.

೩. ರೋಜಾದ ಪೇಂಟರ್

ಮಳೆಗಾಲ ಮುಗಿದ ಮೇಲೆ ಕಾಡಿಗೆ ಬರುವವರು ಹೆಚ್ಚಿದರು. ಮರಗಳ ಹೆಸರು ತಿಳಿಯದೆ ಜನ ಸುಮ್ಮನೆ ಸುತ್ತಾಡಿ ಹೋಗುವುದನ್ನು ಕಂಡು ನನ್ನೊಳಗಿನ ಅಧ್ಯಾಪಕಿಗೆ ಸಂಕಟವಾಯಿತು. ಕನಿಷ್ಠ ನಮ್ಮ ಮರಕ್ಕಾದರೂ ಒಂದು ಫಲಕ ಇರಲಿ ಎಂದು ನಿಶ್ಚಯಿಸಿದೆ.

ಕಲಬುರಗಿಯ ರೋಜಾ ಬಡಾವಣೆಯಲ್ಲಿ, ದರ್ಗಾಕ್ಕೆ ಹೋಗುವ ದಾರಿಯಲ್ಲಿ, ಅಂಗಡಿಗಳ ಬೋರ್ಡು ಬರೆಯುವ ವೃದ್ಧ ಪೇಂಟರ್ ಒಬ್ಬರಿದ್ದಾರೆ. ಕನ್ನಡ, ಉರ್ದು ಎರಡೂ ಮುತ್ತಿನಂತೆ ಬರೆಯುತ್ತಾರೆ. ಚೀಟಿ ಕೊಟ್ಟೆ: ಮೇಲೆ 'ಶ್ರೀಗಂಧ', ಕೆಳಗೆ ಲ್ಯಾಟಿನ್ ಹೆಸರು, ಅದರ ಕೆಳಗೆ 'ಗುರುತಿಸಿದವರು' ಎಂದು ನನ್ನ ಹೆಸರು, ಪದವಿಗಳು. ಪದವಿಗಳ ಅಗತ್ಯವಿರಲಿಲ್ಲ. ಆದರೆ ತಗಡಿನಲ್ಲಿ ಜಾಗ ಉಳಿದಿತ್ತು.

"ದುಕಾನ್ ಎಲ್ಲದ ಮೇಡಂ?" ಎಂದು ಅವರು ಕೇಳಿದರು.

"ದುಕಾನ್ ಅಲ್ಲ, ಮರ. ಕಾಡಿನಾಗ ಅದ."

"ಅಚ್ಛಾ. ಟೈಮ್ ಏನ್ ಬರೀಲಿ? ಶುಕ್ರವಾರ ರಜಾ?"

"ಮರಕ್ಕ ರಜಾ ಇರೂದಿಲ್ರಿ."

"ಸಹಿ ಬಾತ್," ಎಂದು ಒಪ್ಪಿಕೊಂಡು, ಮೂರು ದಿನ ಬಿಟ್ಟು ಬರಲು ಹೇಳಿದರು.

ಹೋಗಿ ನೋಡುತ್ತೇನೆ: ಹಳದಿ ಹಿನ್ನೆಲೆ, ಕೆಂಪು ಅಕ್ಷರ, ಸುತ್ತ ಬಳ್ಳಿಯ ಚಿತ್ತಾರ, ನೂರು ಹೆಜ್ಜೆ ದೂರದಿಂದ ಓದಬಹುದಾದ ಬರಹ. ಆದರೆ ಅದರಲ್ಲಿ 'ಅಸಲಿ ಶ್ರೀಗಂಧ' ಎಂದಿತ್ತು.

"ಅಸಲಿ ಅಂತ ನಾನು ಬರೆದುಕೊಟ್ಟಿರಲಿಲ್ಲ," ಎಂದೆ.

ಪೇಂಟರ್ ನನ್ನನ್ನು ಕನಿಕರದಿಂದ ನೋಡಿದರು. "ಮೇಡಂ, ನಲವತ್ತು ವರ್ಷದಿಂದ ಬೋರ್ಡ್ ಬರೀಲಿಕತ್ತೀನಿ. ತುಪ್ಪ ಇರ್ಲಿ, ಅತ್ತರ ಇರ್ಲಿ, ಅಸಲಿ ಅಂತ ಬರೀಲಿಲ್ಲಂದ್ರ ಯಾರೂ ನಂಬಂಗಿಲ್ಲ. ಇದು ನನ್ನ ಕಡಿಂದ ನಿಮಗ."

ಕಾವಲುಗಾರ ಫಲಕವನ್ನು ನೋಡಿ ಮೊದಲ ಬಾರಿಗೆ ತುಸು ಗಾಬರಿಯಾದ. "ಮೇಡಂರೀ, ಶ್ರೀಗಂಧಕ್ಕ ನಾವು ಬೋರ್ಡ್ ಹಚ್ಚಂಗಿಲ್ರಿ. ಕಳ್ಳರಿಗೆ ಕರದು ತೋರಿಸಿದಂಗ ಆಗ್ತದ." ಆಮೇಲೆ ಮರವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನಿರಾಳನಾಗಿ, "ಈ ಗಿಡಕ್ಕ ಹಚ್ಚಿದ್ರ ಏನೂ ಆಗಂಗಿಲ್ಲ ಬಿಡ್ರಿ," ಎಂದು ಹುರಿಹಗ್ಗದಿಂದ ಕಟ್ಟಿದ.

ತನ್ನ ಕಾವಲಿನ ಮೇಲೆ ಅವನಿಗಿದ್ದ ವಿಶ್ವಾಸವನ್ನು ನಾನು ಎಲ್ಲರೆದುರು ಹೊಗಳಿದೆ.

೪. ಮೌನದ ಮಹತ್ವ

ಡಿಸೆಂಬರ್‌ನ ಭೇಟಿಯಲ್ಲಿ ಎರಡು ಸಂಗತಿಗಳು ನಡೆದವು. ಒಂದು ನನ್ನ ವಿಜಯ. ಮರದ ತುಂಬ ಗೋಲಿಯಂಥ ಹಣ್ಣುಗಳು ಕಪ್ಪಗಾಗಿದ್ದವು. ಶ್ರೀಗಂಧದ ಹಣ್ಣೂ ಕಪ್ಪು. "ನೋಡಿದ್ಯಾ? ಹಣ್ಣೂ ಸಾಕ್ಷಿ ಹೇಳ್ತದ," ಎಂದು ಮೊಮ್ಮಗಳಿಗೆ ತೋರಿಸಿದೆ. ಪಕ್ಕದಲ್ಲಿ ಬೀಗತಿ ಬಾಗಿ, ಉದುರಿದ ಹಣ್ಣುಗಳನ್ನು ಒಂದೊಂದಾಗಿ ಆರಿಸಿ ಸಂಚಿಗೆ ಹಾಕಿಕೊಳ್ಳುತ್ತಿದ್ದರು. ಬಡಪಾಯಿ, ಪೂಜೆಗೆ ಇರಬೇಕು ಎಂದುಕೊಂಡೆ.

ಎರಡನೆಯದು ನರಿಯ ಪ್ರಸಂಗ. ಮೂರು ಸಲ ಬಂದರೂ ನಾವು ಒಂದು ಪ್ರಾಣಿಯನ್ನೂ ಕಂಡಿರಲಿಲ್ಲ. ಇದಕ್ಕೆ ಕಾರಣ ನಮ್ಮ ಗದ್ದಲ ಎಂದು ನನಗೆ ಹೊಳೆಯಿತು. ಕಾಲುದಾರಿಯ ತಿರುವಿನಲ್ಲಿ ಎಲ್ಲರನ್ನೂ ಸಾಲಾಗಿ ಕೂಡಿಸಿ, ಎದುರು ನಿಂತು, ಕಾಡಿನಲ್ಲಿ ಮೌನವಾಗಿರಬೇಕಾದದ್ದು ಏಕೆ ಎಂಬುದನ್ನು ವಿವರಿಸಿದೆ. ಕಾರಣಗಳು ಐದು. ಪ್ರತಿಯೊಂದಕ್ಕೂ ಉದಾಹರಣೆ ಕೊಟ್ಟೆ. ಯಾರೂ ತುಟಿ ಬಿಚ್ಚಲಿಲ್ಲ. ಮಗನಂತೂ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಇಷ್ಟು ಏಕಾಗ್ರತೆಯ ತರಗತಿ ನನಗೆ ಸೇವೆಯಲ್ಲಿದ್ದಾಗಲೂ ಸಿಕ್ಕಿರಲಿಲ್ಲ.

ಮುಗಿಸಿದ ಮೇಲೆ ಎಲ್ಲರೂ ಉಸಿರು ಬಿಟ್ಟರು. ಮೊಮ್ಮಗಳು ಪಿಸುಗುಟ್ಟಿದಳು: "ಅಜ್ಜಿ, ನಿನ್ನ ಹಿಂದ ನರಿ ನಿಂತಿತ್ತು."

"ಏನು? ಯಾಕ ಹೇಳ್ಲಿಲ್ಲ?"

"ನೀ ಮಾತಾಡಬ್ಯಾಡ ಅಂದಿದ್ದಿ."

ನಾನು ಕಾವಲುಗಾರನ ಕಡೆ ತಿರುಗಿದೆ. "ಖರೇ ಏನಪಾ?"

"ಹೌದ್ರಿ ಮೇಡಂ. ನೀವು ಹೇಳ್ಲಿಕತ್ತಿದ್ರಿ, ನಡುವ ಬಾಯಿ ಹಾಕೂದು ಚೊಲೋ ಅಲ್ಲಂತ ಸುಮ್ಮನಿದ್ದೆ."

"ಎಷ್ಟು ಹೊತ್ತು ನಿಂತಿತ್ತು?"

ಅವನು ಪ್ರಾಮಾಣಿಕವಾಗಿ ನೆನಪಿಸಿಕೊಂಡ. "ಮೂರನೇ ಕಾರಣದ ತನಕ ಕೇಳಿತ್ರಿ. ಆಮ್ಯಾಲ ಆಕಳಿಸಿ ಹೋತು."

೫. ಪರೀಕ್ಷಕರು

ಮಾರ್ಚ್ ಬಂತು. ಶಾಲೆಯಲ್ಲಿ ನೋಟ್‌ಬುಕ್ಕು ಓದುವ ದಿನಕ್ಕೆ ಒಂದು ವಾರ ಉಳಿದಿತ್ತು. ಕಡೆಯ ಭೇಟಿಗೆಂದು ಹೊರಟೆವು. ಬಿಸಿಲಿಗೆ ಕಾಡಿನ ಎಲೆಯೆಲ್ಲ ಉದುರಿ, ನಡುನಡುವೆ ಮುತ್ತುಗದ ಹೂವು ಬೆಂಕಿಯಂತೆ ಉರಿಯುತ್ತಿತ್ತು. ನಮ್ಮ ಮರದ ಹತ್ತಿರ ಬಂದಂತೆ ಗಾಳಿಯಲ್ಲಿ ಸಣ್ಣಗೆ ಒಂದು ಪರಿಮಳ.

"ಆಹಾ, ಶ್ರೀಗಂಧ ಹೂ ಬಿಟ್ಟದ," ಎಂದರು ಯಜಮಾನರು. "ವಾಸನಿ ಬಂತು ನೋಡು ಕಡೀಗೆ."

ನಾನು ಕತ್ತೆತ್ತಿ ನೋಡಿದೆ. ಕೊಂಬೆಯ ತುಂಬ ಬಿಳಿಯ ಸಣ್ಣ ಹೂಗಳು. ಶ್ರೀಗಂಧದ ಹೂವು ಬಿಳುಪಲ್ಲ, ಮಾಸಿದ ಕೆಂಪು. ಅದಕ್ಕೆ ಹೇಳಿಕೊಳ್ಳುವಂಥ ಪರಿಮಳವೂ ಇಲ್ಲ. ಇದನ್ನು ನಾನು ಮೂವತ್ತೆರಡು ವರ್ಷ ವಿದ್ಯಾರ್ಥಿನಿಯರಿಂದ ಬರೆಸಿದ್ದೇನೆ. ತಪ್ಪು ಬರೆದವರ ಅಂಕಗಳನ್ನು ಕತ್ತರಿಸಿದ್ದೇನೆ. ಆಗ ಮೊಮ್ಮಗಳು ಕೂಗಿದಳು.

"ಅಜ್ಜಿ! ನಮ್ಮ ಗಿಡ ಯಾರೋ ಕೊಯ್ದಾರ!"

ಕಾಂಡದಲ್ಲಿ ಗರಗಸದ ಗಾಯ. ಮೂರು ಬೆರಳಿನಷ್ಟು ಒಳಗೆ ಹೋಗಿ ನಿಂತಿತ್ತು. ಕೆಳಗೆ ಸ್ವಲ್ಪ ಹೊಟ್ಟು ಬಿದ್ದಿತ್ತು. ಕಾವಲುಗಾರ ಕೈಕಟ್ಟಿ ನಿಂತಿದ್ದ.

"ಕಳ್ಳರ್ರೀ ಮೇಡಂ. ಬೋರ್ಡ್ ಓದಿ ಬಂದಾರ. ಇಷ್ಟು ಕೊಯ್ದಾರ, ಹೊಟ್ಟು ಮೂಸಿ ನೋಡ್ಯಾರ, ಬಿಟ್ಟು ಹೋಗ್ಯಾರ. ಗಿಡಕ್ಕ ಏನೂ ಆಗಂಗಿಲ್ರಿ, ಗಾಯ ಕೂಡ್ತದ."

ನನ್ನ ಹೆಸರನ್ನೂ ಪದವಿಗಳನ್ನೂ ಅಕ್ಷರಶಃ ನಂಬಿ, ಗರಗಸ ಹೊತ್ತು, ಅಷ್ಟು ದೂರ ನಡೆದು ಬಂದವರು ಇಡೀ ಜಿಲ್ಲೆಯಲ್ಲಿ ಅವರು ಮಾತ್ರ. ಅವರಿಗೂ ಮೂರೇ ಬೆರಳಿನಲ್ಲಿ ಸತ್ಯ ತಿಳಿಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮೊಮ್ಮಗಳು ಫಲಕದ ಮುಂದೆ ನಿಂತು ಗಟ್ಟಿಯಾಗಿ ಓದಿದಳು: "ಅಸಲಿ ಶ್ರೀಗಂಧ ಅಲ್ಲ."

ಕಡೆಯ ಪದವನ್ನು ಇದ್ದಿಲಿನಿಂದ ಬರೆಯಲಾಗಿತ್ತು. ಅಕ್ಷರ ದುಂಡಗಿದ್ದವು. ಕೆಳಗೆ ನನ್ನ ಹೆಸರು, ಪದವಿಗಳು. ಪಕ್ಕದಲ್ಲಿ ಇದ್ದಿಲಿನದೇ ಒಂದು ತಪ್ಪು ಗುರುತು. ತಿದ್ದಿ ಮರಳಿಸಿದ ಉತ್ತರಪತ್ರಿಕೆಯ ಹಾಗೆ ಅದು ಮರಕ್ಕೆ ನೇತಾಡುತ್ತಿತ್ತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ನನ್ನ ಮುಖವನ್ನು ಬಿಟ್ಟು ಬೇರೆ ಎಲ್ಲವನ್ನೂ ನೋಡುತ್ತಿದ್ದರು.

"ಬೀಗತಿಯವರ," ಎಂದೆ. "ಇದು ಯಾವ ಮರ?"

ಅವರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದರು. "ನಾ ಹೆಂಗ ಹೇಳ್ಲಿರಿ? ನೀವು ಓದಿದವರು."

"ಓದಿದ್ದು ನೋಡಿದಿರಲ್ಲ. ಹೇಳ್ರಿ."

"ಹುಡುಗಿ ಕೊಟ್ಟವರು ನಾವು. ನಿಮ್ಮ ಮಾತು ಸುಳ್ಳಂತ ನನ್ನ ಬಾಯಾಗ ಹೆಂಗ ಬರ್ತದ್ರಿ?"

"ಸುಳ್ಳಂತ ಅನಬ್ಯಾಡ್ರಿ. ಹೆಸರು ಅಷ್ಟೇ ಹೇಳ್ರಿ."

ಬೀಗತಿ ಮಗಳ ಮುಖ ನೋಡಿದರು, ಅಳಿಯನ ಮುಖ ನೋಡಿದರು, ಕೊನೆಗೆ ಮರಕ್ಕೇ ಹೇಳುವಂತೆ, "ಚಿಲ್ಲದ ಗಿಡರೀ," ಎಂದರು.

ಜೀವನದಲ್ಲಿ ಒಮ್ಮೆ ನೋಡಬೇಕೆಂದು ನಾನು ಆಸೆಪಟ್ಟಿದ್ದ ಮರ. ಒರಗಿ ಕುಳಿತು ಆಸೆಪಟ್ಟಿದ್ದೆ.

"ಎಲ್ಲಾರಿಗೂ ಗೊತ್ತಿತ್ತೇನು?" ಎಂದು ಕೇಳಿದೆ.

ಕಾವಲುಗಾರ ತಲೆ ತಗ್ಗಿಸಿದ. ಸೊಸೆ ತಲೆ ತಗ್ಗಿಸಿದಳು. ಯಜಮಾನರು, "ನನಗೆ ಗೊತ್ತಿರಲಿಲ್ಲ," ಎಂದು ಹೆಮ್ಮೆಯಿಂದ ಹೇಳಿದರು. ನಮ್ಮ ಮೂವತ್ತೈದು ವರ್ಷದ ದಾಂಪತ್ಯದಲ್ಲಿ ಅವರು ನನ್ನ ಪಕ್ಷ ವಹಿಸಿದ ಮೊದಲ ಸಂದರ್ಭ ಅದು.

೬. ಕಲಿತದ್ದು

ಮನೆಗೆ ಬಂದ ಮೇಲೆ ಸೊಸೆ ಮೆಲ್ಲಗೆ ಹೇಳಿದಳು: "ಇರ್ಲಿ ಬಿಡ್ರಿ ಅತ್ತಿ. ಶ್ರೀಗಂಧ ಅಂತನೇ ಓದ್ಲಿ. ಸಾಲ್ಯಾಗ ಯಾರಿಗೆ ಗೊತ್ತಾಗ್ತದ?"

ನಿಜ ಹೇಳುತ್ತೇನೆ, ಆ ಸಲಹೆಯನ್ನು ನಾನು ಕೂಡಲೆ ತಳ್ಳಿಹಾಕಲಿಲ್ಲ. ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ಅದನ್ನು ಪರಿಶೀಲಿಸಿದೆ. ಆದರೆ ಆ ಮಗು ಎಲ್ಲರೆದುರು ನಿಂತು ನನ್ನ ಸುಳ್ಳನ್ನು ತನ್ನ ಬಾಯಿಂದ ಓದುವುದೆಂದರೆ, ಇದ್ದಿಲಿನವರು ನನಗಿಂತ ಮೇಲಾದರು ಎಂದೇ ಅರ್ಥ.

ಸತ್ಯವನ್ನು ಒಪ್ಪಿಕೊಳ್ಳಲು ನಿರ್ಧರಿಸಿದೆ, ಆದರೆ ಘನತೆಯಿಂದ. ಒಂದು ಇಡೀ ಸಂಜೆ ಕುಳಿತು ಒಂದೇ ವಾಕ್ಯ ರಚಿಸಿದೆ. ಮೊಮ್ಮಗಳಿಗೆ, "ಮೊದಲನೇ ಪುಟ ನನಗ ಬಿಡು," ಎಂದು ಹೇಳಿ ಅದನ್ನು ಅಲ್ಲಿ ಅಂಟಿಸಿದೆ. ಹೊದಿಕೆಯ ಮೇಲಿನ 'ಶ್ರೀಗಂಧ'ವನ್ನು ನನ್ನ ಪೆನ್ನಿನಿಂದಲೇ ಹೊಡೆದು ಹಾಕಿದೆ. ಒಳಗಿನ ಪುಟಗಳನ್ನು ನೋಡಲಿಲ್ಲ. ವಿದ್ಯಾರ್ಥಿಗಳ ಬರಹವನ್ನು ಒಪ್ಪಿಸುವ ಮುನ್ನ ಇಣುಕಿ ನೋಡಬಾರದು ಎಂಬುದು ನನ್ನ ತತ್ವ. ತತ್ವಗಳು ಮನುಷ್ಯರಿಗೆ ಎಷ್ಟು ದುಬಾರಿ ಎಂಬುದು ಮುಂದೆ ತಿಳಿಯುತ್ತದೆ.

ಆ ದಿನ ಶಾಲೆಯ ಸಭಾಂಗಣ ತುಂಬಿತ್ತು. ಸಸ್ಯಶಾಸ್ತ್ರದ ನಿವೃತ್ತ ಪ್ರಾಧ್ಯಾಪಕಿ ಎಂದು ನನ್ನನ್ನು ಮುಂದಿನ ಸಾಲಿನ ನಡುವೆ ಕೂಡಿಸಿದ್ದರು. ಪಕ್ಕದಲ್ಲಿ ಬೀಗತಿ. ಮೊಮ್ಮಗಳು ಓದುವುದನ್ನು ಕೇಳಲು ಕಮಲಾಪುರದಿಂದ ಬಾಳೆಯ ಗೊನೆಯ ಸಮೇತ ಬಂದಿದ್ದರು. ಹದಿನಾರು ಬೇವಿನ ಮರಗಳ ವರದಿಗಳು ಮುಗಿದ ಮೇಲೆ ನಮ್ಮ ಹುಡುಗಿಯ ಸರದಿ ಬಂತು. ಜಡೆಯನ್ನು ಹಿಂದಕ್ಕೆ ಎಸೆದು ನನ್ನ ವಾಕ್ಯವನ್ನು ಸ್ಪಷ್ಟವಾಗಿ ಓದಿದಳು:

"ಎಲೆಗಳ ಬಾಹ್ಯ ಸಾದೃಶ್ಯದ ಕಾರಣ ಪ್ರಾಥಮಿಕ ಗುರುತಿಸುವಿಕೆಯಲ್ಲಿ ಉಂಟಾಗಿದ್ದ ಅಲ್ಪ ವ್ಯತ್ಯಾಸವನ್ನು, ದೀರ್ಘಕಾಲದ ಅವಲೋಕನದ ಬಳಿಕ, ತಜ್ಞರು ಸ್ವತಃ ಸರಿಪಡಿಸಿರುತ್ತಾರೆ."

ಸಭೆಯಲ್ಲಿ ಗೌರವದ ಗುಸುಗುಸು. ನಾನು ತಲೆ ತುಸು ಬಾಗಿಸಿದೆ.

ಮೊಮ್ಮಗಳು ಪುಟ ತಿರುವಿದಳು. "ಇದು ಅಜ್ಜಿ ಬರದದ್ದು," ಎಂದಳು. "ಇನ್ನ ಮ್ಯಾಲ ನಾ ಬರದದ್ದು."

"ಜೂನ್. ಇದು ಶ್ರೀಗಂಧ ಎಂದು ಅಜ್ಜಿ ಹೇಳಿದಳು. ನಾನು ಆಯಿಯ ಮುಖ ನೋಡಿದೆ. ಆಯಿ ಆಕಾಶ ನೋಡಿದಳು."

ಆಯಿ ಎಂದರೆ ತಾಯಿಯ ತಾಯಿ, ನಮ್ಮ ಬೀಗತಿ. ಪಕ್ಕದಲ್ಲಿ ಅವರು ಗೊನೆಯ ಬಾಳೆಹಣ್ಣುಗಳನ್ನು ಎಣಿಸತೊಡಗಿದರು.

"ಆಗಸ್ಟ್. ಆಯಿ ಚಿಲ್ಲದ ಬೀಜದಿಂದ ರಾಡಿ ನೀರನ್ನು ತಿಳಿ ಮಾಡಿದಳು. ಇದರ ಗಿಡ ಎಲ್ಲಿದೆ ಎಂದು ಅಜ್ಜಿ ಕೇಳಿದಳು. ಅಜ್ಜಿ ಅದಕ್ಕೇ ಒರಗಿ ಕೂತಿದ್ದಳು. ಆಯಿ ನನಗೆ ಕಣ್ಣಿನಿಂದ ಗಿಡ ತೋರಿಸಿ ಬಾಯಿಯ ಮೇಲೆ ಬೆರಳಿಟ್ಟಳು. ಡಿಸೆಂಬರ್. ಚಿಲ್ಲದ ಹಣ್ಣು ಕಪ್ಪಾದವು. ಆಯಿ ಬೀಜಕ್ಕೆ ಆರಿಸಿಕೊಂಡಳು. ನರಿ ಬಂದಿತ್ತು. ಅಜ್ಜಿ ನೋಡಲಿಲ್ಲ. ಮಾರ್ಚ್. ಬಿಳಿ ಹೂವು ಬಂದವು. ಕಳ್ಳರೂ ಬಂದರು. ಅವರು ಗರಗಸದಿಂದ ಪರೀಕ್ಷೆ ಮಾಡಿ ಅಲ್ಲ ಎಂದು ಬರೆದರು. ಅವರ ಅಕ್ಷರ ಚೆನ್ನಾಗಿವೆ."

ಸಭೆ ಆಗಲೇ ಅಲುಗಾಡತೊಡಗಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕರವಸ್ತ್ರ ಬಾಯಿಗೆ ಒತ್ತಿಕೊಂಡ ಸದ್ದು. ತರಗತಿಯ ಶಿಕ್ಷಕಿ ಗಂಭೀರವಾಗಿರಲು ಬಹಳ ಪ್ರಯತ್ನಪಟ್ಟು, "ಗೊತ್ತಿದ್ರೂ ಅಜ್ಜಿಗೆ ಯಾಕ ಹೇಳ್ಲಿಲ್ಲ?" ಎಂದು ಕೇಳಿದರು.

"ಅವ್ವ ಹೇಳಬ್ಯಾಡ ಅಂದಿದ್ಲು ಮಿಸ್. ಅಜ್ಜಿ ಬೀಗರ ಪೈಕಿ."

ಇನ್ನು ಒಂದೇ ಪ್ರಶ್ನೆ ಉಳಿದಿತ್ತು. ಎಲ್ಲ ಮಕ್ಕಳೂ ಕಡೆಗೆ ಉತ್ತರಿಸಬೇಕಾದದ್ದು: ಈ ಮರದಿಂದ ನೀವು ಕಲಿತದ್ದೇನು? ಹದಿನಾರು ಮಕ್ಕಳು ನೆರಳು, ಗಾಳಿ, ಪರೋಪಕಾರ ಎಂದು ಹೇಳಿಹೋಗಿದ್ದರು. ನಮ್ಮ ಹುಡುಗಿ ಓದಿದಳು:

"ಚಿಲ್ಲದ ಬೀಜ ಹಾಕಿದರೆ ರಾಡಿ ತಾನೇ ಕೆಳಗೆ ಇಳಿಯುತ್ತದೆ. ಕೈ ಹಾಕಿ ಕಲಕಬಾರದು, ಕಾಯಬೇಕು. ನೀರಿಗೆ ಎರಡು ತಾಸು ಹಿಡಿಯುತ್ತದೆ. ಅಜ್ಜಿಗೆ ಒಂಬತ್ತು ತಿಂಗಳು ಹಿಡಿಯಿತು."

ಸಭಾಂಗಣದ ತಗಡಿನ ಮಾಡು ಹಾರಿಹೋಗುವಂಥ ನಗು. ಎಲ್ಲರಿಗಿಂತ ಮೊದಲು ಎದ್ದು ಚಪ್ಪಾಳೆ ತಟ್ಟಿದವಳು ನಾನು. ಬೇರೆ ದಾರಿಯೂ ಇರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಕುಳಿತ ಮೇಲೆ ಬೀಗತಿ ನನ್ನ ಕಿವಿಯ ಬಳಿ ಬಾಗಿದರು. ಅವರ ಮುಖ ಪೂಜೆಗೆ ಕುಳಿತವರಂತೆ ಶಾಂತವಾಗಿತ್ತು. "ಹುಡುಗಿ ತಾನ ಬರದಾಳ್ರೀ ಬೀಗತಿಯವರ," ಎಂದರು. "ಕಡೀ ಮಾತು ನಾ ಏನೂ ಹೇಳಿಕೊಟ್ಟಿಲ್ಲ."

ನಾನು ಕನ್ನಡಕ ಏರಿಸಿ ಅವರನ್ನು ನೋಡಿದೆ. ಈ ಸಲವೂ ಅರ್ಧ ನಿಮಿಷ ಸಾಕಾಯಿತು. ಅದು ಅಸಲಿ ಸುಳ್ಳು. ಆ ಇಡೀ ವರ್ಷದಲ್ಲಿ ನಾನು ತಪ್ಪಿಲ್ಲದೆ ಗುರುತಿಸಿದ್ದು ಅದೊಂದನ್ನೇ.